ಗಾಲಿ ನಿಂತ ಮೇಲೆ

ರಾಣೆಬೆನ್ನೂರು ಸ್ಟೇಷನ್

ಇಂಗ್ಲೆಂಡಿಗೆ ಹೊರಟ ನನ್ನನ್ನು ಕಳಿಸಲು ರಾಣೆಬೆನ್ನೂರು ಸ್ಟೇಷನ್ನಿಗೆ ಹದಿನೇಳು ಮಂದಿ ಬಂದಿದ್ದರು. ಅವರಲ್ಲಿ ಹದಿನಾರು ಮಂದಿ ನನ್ನ ಚೀಲದ ತೂಕ ಹೆಚ್ಚಿಸಲೆಂದೇ ಬಂದವರು. ಗುತ್ತಲದ ತಂಗಿ ಶೇಂಗಾ ಚಟ್ನಿ ತಂದಳು, ಪಕ್ಕದ ಮನೆಯವರು ಖಡಕ್ ರೊಟ್ಟಿ ತಂದರು, ಇನ್ನೊಬ್ಬರು "ಅಲ್ಲೆ ಭಾಳ ಥಂಡಿ ಅಂತರಿ" ಎಂದು ಕಂಬಳಿಯನ್ನೇ ತಂದರು. ನನ್ನ ಯಜಮಾನರು ಮಾತ್ರ ಬರಿಗೈಯಲ್ಲಿ ನಿಂತು, "ಅಲ್ಲಿ ಹೋಗಿ ಯಾರಿಗೂ ಬೈಬ್ಯಾಡ ಮತ್ತ" ಅಂದರು. ಇಪ್ಪತ್ತಾರು ವರ್ಷ ಕನ್ನಡ ಶಾಲೆಯ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವಳಿಗೆ ಬೈಯದೆ ಇರುವುದು ಹೇಗೆಂದು ಯಾರು ಕಲಿಸಿದ್ದಾರೆ?

ನಾನು ಹೊರಟದ್ದು ಶಾಲೆಗಳನ್ನು ಜೋಡಿಸುವ ಒಂದು ಯೋಜನೆಯಲ್ಲಿ. ಇಂಗ್ಲೆಂಡಿನ ಒಂದು ಪ್ರಾಥಮಿಕ ಶಾಲೆಗೆ ನಮ್ಮ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆ ಜೋಡಿ. ಹಿಂದಿನ ವರ್ಷ ಅವರ ಟೀಚರು ಹೆಲೆನ್ ನಮ್ಮಲ್ಲಿಗೆ ಬಂದು, ಎರಡು ವಾರ ರೊಟ್ಟಿ ಬದನೆಕಾಯಿ ಉಂಡು, "ಸಾಕ್ರಿ" ಎಂಬ ಒಂದೇ ಶಬ್ದ ಕಲಿತು ಹೋಗಿದ್ದಳು. ಈ ಸಲ ನನ್ನ ಸರದಿ. ಖುಷಿಯಾಗಬೇಕಿತ್ತು. ಆದರೆ ರೈಲು ಹತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ಇಂಗ್ಲೆಂಡಲ್ಲ, ರೇಣುಕಾ.

ನಮ್ಮ ಶಾಲೆ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಹಾವೇರಿ ಮತ್ತು ರಾಣೆಬೆನ್ನೂರಿನ ನಡುವಿನ ಹೆದ್ದಾರಿ ಹಳ್ಳಿಯನ್ನು ಸೀಳಿಕೊಂಡು ಹೋಗುತ್ತದೆ. ಶಾಲೆ ಆಚೆ, ಅರ್ಧ ಮನೆಗಳು ಈಚೆ. ಮೊದಲು ಅದೇನೂ ದೊಡ್ಡ ಮಾತಾಗಿರಲಿಲ್ಲ. ಎರಡು ಲಾರಿ ಎದುರಾದರೆ ಒಂದು ಕೆಳಗಿಳಿಯಬೇಕಾದಷ್ಟು ಸಣ್ಣ ರಸ್ತೆ ಅದು. ಬೆಳಿಗ್ಗೆ ನಾನು ಬಸ್ಸಿಳಿದು, ಈಚೆಯ ಹನ್ನೊಂದು ಮಕ್ಕಳನ್ನು ಕೂಡಿಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈ ಎತ್ತಿ ಅಂಗೈ ತೋರಿಸುತ್ತ ನಡೆದುಬಿಟ್ಟರೆ ಮುಗಿಯಿತು. ಮೆಣಸಿನಕಾಯಿ ಲಾರಿ, ಟ್ರ್ಯಾಕ್ಟರು, ಕೆಂಪು ಬಸ್ಸು ಎಲ್ಲವೂ ನಿಲ್ಲುತ್ತಿದ್ದವು. ಟೀಚರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. "ಅಕ್ಕೋರು ಕೈ ಎತ್ತಿದ್ರ ಯಮನ ಕೋಣಾನೂ ನಿಲ್ಲತೈತಿ" ಎಂದು ಡ್ರೈವರುಗಳು ನಗುತ್ತಿದ್ದರು. ಆ ಮಾತು ಕೇಳಿ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಆಮೇಲೆ ರಸ್ತೆ ಅಗಲವಾಯಿತು. ಹೋಗಲು ಎರಡು ಸಾಲು, ಬರಲು ಎರಡು ಸಾಲು, ನಡುವೆ ಕಣಗಿಲೆ ಗಿಡ. ಗಾಡಿಗಳಿಗೆ ರೆಕ್ಕೆ ಬಂದವು. ನಾನು ಮಾತ್ರ ಹಳೆಯ ಕೈಯನ್ನೇ ಎತ್ತುತ್ತಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ಬಸ್ಸು ತಡವಾಯಿತು. ಆಚೆಯಿಂದ ಪ್ರಾರ್ಥನೆಯ ಗಂಟೆ ಕೇಳಿಸಿತು. ಕೈ ಎತ್ತಿ ನಡೆದೆ, ಮಕ್ಕಳು ಹಿಂಬಾಲಿಸಿದರು. ಮುಂದಿನ ಲಾರಿ ನಿಧಾನ ಮಾಡಿತು, ಅದರ ಮಗ್ಗುಲಿನಿಂದ ಒಂದು ಟೆಂಪೋ ನುಗ್ಗಿತು. ನಾಲ್ಕನೇ ಇಯತ್ತೆ ಓದುತ್ತಿದ್ದ ರೇಣುಕಾ ಹಿಂದಕ್ಕೆ ಹಾರಿ ಬಿದ್ದಳು. ಪುಣ್ಯಕ್ಕೆ ಮೊಣಕಾಲು ತೆರಚಿದ್ದಷ್ಟೇ. ಆದರೆ ಅವಳ ಪಾಟಿಚೀಲದ ಮೇಲೆ ಗಾಲಿ ಹರಿದು ಒಳಗಿನ ಬರೆಯುವ ಪಾಟಿ ಪುಡಿಪುಡಿಯಾಯಿತು.

ಮರುದಿನ ಅವಳ ತಾಯಿ ಗಂಗವ್ವ ಶಾಲೆಗೆ ಬಂದಳು. ಒಡೆದ ಪಾಟಿಯ ಚೀಲವನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟಳು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ನಮ್ಮ ಹುಡುಗಿ ಇನ್ನ ಸಾಲಿಗೆ ಬರೂದಿಲ್ರಿ. ಕಲಿತು ಸಾಯೂದಕಿಂತ ಕಲೀದ ಬದುಕೂದು ಪಾಡ್ರಿ."

"ಅಲ್ಲವಾ ಗಂಗವ್ವ, ತಪ್ಪು ಆ ಟೆಂಪೋದಾಂವಂದು. ಅವಂಗ ಕಣ್ಣಿದ್ವೋ ಇಲ್ಲೋ!"

ಗಂಗವ್ವ ನನ್ನನ್ನು ಒಂದು ಕ್ಷಣ ನೋಡಿ, ಏನೂ ಹೇಳದೆ ಹೋದಳು. ಅವತ್ತಿನಿಂದ ರೇಣುಕಾ ತಾಯಿಯ ಜೊತೆ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗತೊಡಗಿದಳು. ಮಾರ್ಚಿನ ಕೊನೆಗೆ ಪರೀಕ್ಷೆ. ಅದನ್ನು ಬರೆಯದಿದ್ದರೆ ಅವಳ ಶಾಲೆ ಅಲ್ಲಿಗೇ ಮುಗಿದ ಹಾಗೆ. ಹಾಗೆ ಮುಗಿದ ಹುಡುಗಿಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಟೆಂಪೋದವನಿಗೆ ಶಾಪ ಹಾಕುತ್ತಲೇ ನಾನು ಫೆಬ್ರುವರಿಯಲ್ಲಿ ಇಂಗ್ಲೆಂಡಿಗೆ ಹೊರಟೆ.

ಹೆಲೆನ್ ಮನೆಯ ಮೊದಲ ದಿನ

ಇಂಗ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿ, ಕೆಂಪು ಖಾರಪುಡಿಯ ಡಬ್ಬಿಯೊಳಗೆ ಮೂಗು ಇಳಿಸಿದ. ಬೇಡಪ್ಪಾ ಎನ್ನುವಷ್ಟರಲ್ಲಿ ಏಳು ಸಲ ಸೀನಿದ. "ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಇದು ಖಾರವೇ ಅಲ್ಲ" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದೆ. ಅವನು ಕಣ್ಣೊರೆಸಿಕೊಂಡು, ಬೇಗ ಹೋಗು ತಾಯೀ ಎನ್ನುವಂತೆ ಕೈಬೀಸಿದ.

ಹೆಲೆನಳ ಊರು ಚಿಕ್ಕದು. ಇಟ್ಟಿಗೆ ಮನೆಗಳು, ಪ್ರತಿ ಬಾಗಿಲಿಗೂ ಬೇರೆ ಬಣ್ಣ, ಎಲ್ಲ ಬಾಗಿಲೂ ಮುಚ್ಚಿಯೇ ಇರುವವು. ಕಟ್ಟೆಯ ಮೇಲೆ ಕೂತವರಿಲ್ಲ, ಏಕೆಂದರೆ ಕಟ್ಟೆಯೇ ಇಲ್ಲ. ಜನ ನಾಯಿಗಳ ಜೊತೆ ಮಾತಾಡುತ್ತಾರೆ, ಎದುರಾದ ಮನುಷ್ಯರಿಗೆ ಹವೆಯ ಬಗ್ಗೆ ಎರಡು ಮಾತು ಹೇಳಿ ದಾಟಿಹೋಗುತ್ತಾರೆ. ನಮ್ಮಲ್ಲಿ ಇದು ಉಲ್ಟಾ. ಚಳಿ ಎಂಥದೆಂದರೆ, ಸೀರೆಯ ಒಳಗೆ ಯಜಮಾನರ ಪೈಜಾಮ, ಮೇಲೆ ಸ್ವೆಟರು, ಅದರ ಮೇಲೆ ಕಂಬಳಿ ಹೊದ್ದು ಕೂತಿದ್ದೆ. ಕಂಬಳಿ ಕೊಟ್ಟವರಿಗೆ ಮನಸ್ಸಿನಲ್ಲೇ ಕೈಮುಗಿದೆ.

"ನಾಳೆ ನಾವು ನಡೆಯುವ ಬಸ್ಸಿನಲ್ಲಿ ಶಾಲೆಗೆ ಹೋಗೋಣ" ಅಂದಳು ಹೆಲೆನ್. ನನ್ನ ಮುಖ ನೋಡಿ ತಾನೇ ಬಿಡಿಸಿ ಹೇಳಿದಳು. ಗಾಲಿಯಿಲ್ಲ, ಇಂಜಿನ್ ಇಲ್ಲ. ಮಕ್ಕಳು ಸಾಲಾಗಿ ನಡೆಯುತ್ತಾರೆ, ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬ ದೊಡ್ಡವರು. ಅದಕ್ಕೆ ಸ್ಟಾಪುಗಳಿವೆ, ವೇಳಾಪಟ್ಟಿಯೂ ಇದೆ.

"ನಡಕೊಂಡು ಹೋಗೂದಕ್ಕ ಇಷ್ಟೆಲ್ಲಾ ಯಾಕ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಹೇಗೋ ಅವಳಿಗೆ ತಿಳಿಯಿತು. ಮನೆಗೊಂದೋ ಎರಡೋ ಕಾರುಗಳಂತೆ. ಅರ್ಧ ಮೈಲಿಗೂ ಮಕ್ಕಳನ್ನು ಕಾರಿನಲ್ಲೇ ತರುತ್ತಾರಂತೆ. ಶಾಲೆಯ ಬಾಗಿಲಲ್ಲಿ ಕಾರುಗಳ ಸಂತೆಯಾಗಿ, ನಡೆದು ಬರುವ ಮಗುವಿಗೇ ದಾರಿ ಇಲ್ಲದಂತಾಯಿತಂತೆ. ಅದಕ್ಕೇ ಈ ವ್ಯವಸ್ಥೆ. ಅಯ್ಯ ಶಿವನೇ, ಅನ್ನಿಸಿತು. ನಮ್ಮಲ್ಲಿ ತಂದೆತಾಯಂದಿರು ಆಟೋ ಸಿಕ್ಕರೆ ಹದಿನಾಲ್ಕು ಮಕ್ಕಳನ್ನು ತುರುಕಲು ಸಿದ್ಧ. ಇಲ್ಲಿ ಕಾರಿದ್ದವರನ್ನು ಗಲ್ಲ ಹಿಡಿದು ನಡೆಸಬೇಕಾಗಿದೆ.

ಅಂಚೆ ಡಬ್ಬಿಯ ಸ್ಟಾಪ್

ಕೆಂಪು ಅಂಚೆ ಡಬ್ಬಿಯ ಬಳಿ ಮೊದಲ ಸ್ಟಾಪು. ಎಂಟು ಗಂಟೆ ಇಪ್ಪತ್ತು ನಿಮಿಷ ಅಂದರೆ ಎಂಟು ಇಪ್ಪತ್ತೇ. ಒಂದು ಮಗು ದೂರದಿಂದ ಓಡಿ ಬರುತ್ತಿದ್ದರೂ ಸಾಲಿನ ಮುಂದೆ ನಡೆಯುವ ತಾತ ಗಡಿಯಾರ ನೋಡಿ ಹೊರಟೇಬಿಟ್ಟ. ನಮ್ಮ ಕೆಂಪು ಬಸ್ಸಿನ ಕಂಡಕ್ಟರು ಇವನಿಗಿಂತ ಕರುಣಾಳು. ನನಗೂ ಕಣ್ಣು ಕುಕ್ಕುವ ಹಳದಿ ಜಾಕೀಟು ತೊಡಿಸಿದರು. ಇಳಕಲ್ ಸೀರೆ, ಬೂಟು, ಮಂಗನ ಟೋಪಿ, ಅದರ ಮೇಲೆ ಹಳದಿ ಜಾಕೀಟು. ನಾಯಿಗಳೂ ತಿರುಗಿ ನೋಡಿದವು.

ಆರು ವರ್ಷದ ಲೂಸಿ ಎಂಬ ಹುಡುಗಿಯ ಕೈಯನ್ನು ನನ್ನ ಕೈಗೆ ಕೊಟ್ಟರು. ಅವಳ ಕೋಟಿನ ಮೇಲೆ ಪುಟ್ಟ ಪುಟ್ಟ ಬಂಗಾರದ ಹೆಜ್ಜೆಗಳ ಕಾಗದದ ಬಿಲ್ಲೆಗಳು. ಒಂದು ದಿನ ನಡೆದರೆ ಒಂದು ಬಿಲ್ಲೆ ಅಂಟಿಸುತ್ತಾರಂತೆ.

"ನಿಮ್ಮ ಮಕ್ಕಳು ಎಷ್ಟು ದೂರ ನಡೀತಾರೆ?" ಎಂದಳು.

"ಕೆಲವರು ಮೂರು ಕಿಲೋಮೀಟರು. ಹೋಗುವಾಗ ಮೂರು, ಬರುವಾಗ ಮೂರು."

ಲೂಸಿ ಕಣ್ಣರಳಿಸಿ ನಿಂತುಬಿಟ್ಟಳು. "ಹಾಗಾದರೆ ಅವರ ಹತ್ತಿರ ತುಂಬಾ ತುಂಬಾ ಬಿಲ್ಲೆ ಇರಬೇಕು!"

ನನಗೆ ನಗು ಬಂತು. ಆದರೆ ಇಪ್ಪತ್ತಾರು ವರ್ಷದಲ್ಲಿ, ನಡೆದು ಬಂದೆಯಲ್ಲ ಭೇಷ್ ಎಂದು ನಾನು ಒಂದು ಮಗುವಿಗೂ ಹೇಳಿದ್ದಿಲ್ಲ. ತಡವಾಗಿ ಬಂದದ್ದಕ್ಕೆ ಬೈದದ್ದು ಮಾತ್ರ ನೆನಪಿದೆ.

ಬೇಕರಿ ಮೂಲೆ

ಬೇಕರಿ ಮೂಲೆಯಲ್ಲಿ ದೊಡ್ಡ ರಸ್ತೆ ದಾಟಬೇಕು. ಅಲ್ಲಿ ಡೋರೀನ್ ಎಂಬ ಎಪ್ಪತ್ತು ದಾಟಿದ ಅಜ್ಜಿಯ ಕಾವಲು. ಪಾದದವರೆಗೆ ಇಳಿಯುವ ಹಳದಿ ಕೋಟು, ಕೈಯಲ್ಲಿ ಉದ್ದ ಕೋಲಿಗೆ ತಟ್ಟೆಯಂಥ ಫಲಕ. ಪ್ರಾಯದಲ್ಲಿ ಬಸ್ ಕಂಡಕ್ಟರ್ ಆಗಿದ್ದವಳಂತೆ, ದನಿ ಕೇಳಿದರೇ ಗೊತ್ತಾಗುತ್ತಿತ್ತು. ಮೂರು ದಿನ ನಾನು ಅವಳನ್ನು ಗಮನಿಸಿದೆ. ಎಷ್ಟು ನಿಧಾನ ಮಾರಾಯರೇ! ಗಾಡಿ ನಿಂತ ಮೇಲೂ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುವಳು. ನಾನಾಗಿದ್ದರೆ ಇಷ್ಟರಲ್ಲಿ ಹನ್ನೊಂದು ಮಕ್ಕಳನ್ನು ದಾಟಿಸಿ ಹಾಜರಿಯನ್ನೂ ಹಾಕಿರುತ್ತಿದ್ದೆ ಎಂದುಕೊಂಡೆ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ? ನನ್ನ ಸರದಿ ನಾಲ್ಕನೇ ದಿನ ಬಂತು.

ಅವತ್ತು ಡೋರೀನ್ ರಸ್ತೆಯ ಆ ಬದಿಗೆ ಒಬ್ಬ ಕುರುಡರನ್ನು ದಾಟಿಸಿ, ಅವರ ಜೊತೆ ಏನೋ ಮಾತಾಡುತ್ತಿದ್ದಳು. ನಾವು ಈ ಬದಿಯಲ್ಲಿ ಕಾಯುತ್ತಿದ್ದೆವು. ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು. ಆ ಗಂಟೆ ಕಿವಿಗೆ ಬಿದ್ದದ್ದೇ ತಡ, ನನ್ನ ಎಡಗೈ ಲೂಸಿಯ ಕೈಯನ್ನು ಬಿಗಿ ಹಿಡಿಯಿತು, ಬಲಗೈ ಮೇಲೆದ್ದಿತು, ಕಾಲು ರಸ್ತೆಗೆ ಇಳಿಯಿತು. ಹಾಲಿನ ವ್ಯಾನಿನವನು ನನ್ನ ಅಂಗೈ ನೋಡಿ ಗಾಬರಿಯಿಂದ ಬ್ರೇಕು ಒತ್ತಿದ. ನೋಡಿದಿರಾ, ಇಲ್ಲೂ ನಿಂತಿತು ಎಂದು ನಾನು ಎರಡನೇ ಹೆಜ್ಜೆ ಇಟ್ಟೆ. ಹಿಂದಿನ ಕಾರು ವ್ಯಾನನ್ನು ತಪ್ಪಿಸಿ ಪಕ್ಕದಿಂದ ಬಂದುಬಿಟ್ಟಿತು. ಲೂಸಿ ಕಿರುಚಿ ಹಿಂದಕ್ಕೆ ಜಗ್ಗಿದಳು. ಅವಳ ಊಟದ ಡಬ್ಬಿ ಕೈತಪ್ಪಿ ಬಿತ್ತು. ಗಾಲಿ ಅದರ ಮೇಲೆ ಹೋಯಿತು, ನಮ್ಮ ಮೇಲಲ್ಲ.

ಡೋರೀನ್ ಕೋಲು ಚಾಚಿ ಓಡಿ ಬಂದಳು. ಅವಳು ಬೈದದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ನಮ್ಮ ಬ್ಯಾಡಗಿಯ ಬೈಗುಳದ ಹಾಗೆಯೇ: "ಬುದ್ಧಿ ಐತೇನ ನಿನಗ? ಕೂಸಿನ ಕೈ ಹಿಡಕೊಂಡು ಯಾರರೆ ಹಿಂಗ ಇಳೀತಾರೇನು?" ಜೀವಮಾನದಲ್ಲಿ ಮೊದಲ ಸಲ ಬೈಸಿಕೊಂಡು ತಲೆ ತಗ್ಗಿಸಿ ನಿಂತೆ. ಲೂಸಿ ಅಳುತ್ತಿದ್ದಳು. ರಸ್ತೆಯಲ್ಲಿ ಚಪ್ಪಟೆಯಾದ ಆ ಡಬ್ಬಿಯನ್ನು ನೋಡಿದೆ. ನನಗೆ ಕಂಡದ್ದು ರೇಣುಕಾಳ ಪಾಟಿಚೀಲ.

ಮಧ್ಯಾಹ್ನ ಹೆಲೆನ್ ನನ್ನನ್ನು ಕೂರಿಸಿಕೊಂಡು, ಬಹಳ ನಯವಾಗಿ, ಇನ್ನು ಮೇಲೆ ನೀವು ಬಸ್ಸಿನ ಜೊತೆ ನಡೆಯಬಹುದು, ಆದರೆ ಮಕ್ಕಳ ಕೈ ಹಿಡಿಯುವಂತಿಲ್ಲ, ಅದು ಶಾಲೆಯ ನಿಯಮ ಅಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡೋರೀನಳ ಅಡುಗೆಮನೆ

ಸಂಜೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಡೋರೀನಳ ಮನೆಗೆ ತಪ್ಪೊಪ್ಪಿಕೊಳ್ಳಲು ಹೋದೆ. ಬಾಗಿಲು ತೆರೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಹಾ?" ಅಂದಳು. ಬೆಳಿಗ್ಗೆ ಹುಲಿಯಾಗಿದ್ದವಳು ಈಗ ರೊಟ್ಟಿಯನ್ನು ಬಿಸ್ಕತ್ತಿನ ಹಾಗೆ ಚಹಾದಲ್ಲಿ ಅದ್ದಿ ತಿಂದಳು. ನಾನು ತಡೆಯಲಿಲ್ಲ. ಅವತ್ತು ಯಾರನ್ನೂ ತಿದ್ದುವ ಯೋಗ್ಯತೆ ನನಗಿರಲಿಲ್ಲ.

"ಕೈ ಯಾಕೆ ಎತ್ತಿದೆ?" ಎಂದು ಕೇಳಿದಳು.

"ನಮ್ಮೂರಲ್ಲಿ ಹಾಗೇ ದಾಟೋದು. ಕೈ ಎತ್ತಿದರೆ ಡ್ರೈವರು ಮುಖ ನೋಡುತ್ತಾನೆ, ನಿಲ್ಲಿಸುತ್ತಾನೆ."

"ಎಲ್ಲರೂ?"

ನಾನು ಚಹಾದ ಕಪ್ಪನ್ನು ನೋಡುತ್ತ ರೇಣುಕಾಳ ಕಥೆ ಹೇಳಿದೆ. ಟೆಂಪೋದವನಿಗೆ ಕಣ್ಣಿರಲಿಲ್ಲ ಎಂದೂ ಹೇಳಿದೆ. ಡೋರೀನ್ ಎಲ್ಲ ಕೇಳಿ, "ಅವನ ತಪ್ಪು ಖಂಡಿತ. ಆದರೆ ಮಕ್ಕಳು ಅವನ ಹಿಂದೆ ನಡೆದು ಬರುತ್ತಿರಲಿಲ್ಲವಲ್ಲ" ಅಂದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎರಡು ತಿಂಗಳು ನಾನು ನೆಲವನ್ನೇ ಬೈದಿದ್ದೆ. ಗಂಗವ್ವ ಅಂದು ಏನೂ ಹೇಳದೆ ನನ್ನನ್ನು ಯಾಕೆ ಹಾಗೆ ನೋಡಿದ್ದಳೆಂದು ಆ ಪರದೇಶದ ಅಡುಗೆಮನೆಯಲ್ಲಿ ಕೂತು ನನಗೆ ಅರ್ಥವಾಯಿತು. ಅಲ್ಲೇ ಅತ್ತುಬಿಟ್ಟೆ. ಡೋರೀನ್ ಸಮಾಧಾನವನ್ನೂ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಇನ್ನೊಂದು ರೊಟ್ಟಿ ಮುರಿದಳು.

ಮರುದಿನದಿಂದ ಉಳಿದ ಎರಡು ವಾರ ನಾನು ಬೇಕರಿ ಮೂಲೆಯಲ್ಲಿ ಅವಳ ವಿದ್ಯಾರ್ಥಿನಿಯಾಗಿ ನಿಂತೆ. ಅವಳ ಅಂಗೈ ಮೊದಲು ತಿರುಗುವುದು ಗಾಡಿಗಳ ಕಡೆಗಲ್ಲ, ಮಕ್ಕಳ ಕಡೆಗೆ. ಮಕ್ಕಳನ್ನು ಹಿಂದೆ ನಿಲ್ಲಿಸಿ ತಾನೊಬ್ಬಳೇ ಇಳಿಯುವಳು. "ಡ್ರೈವರನ ಮುಖ ನೋಡಬೇಡ. ಮುಖ ಸುಳ್ಳು ಹೇಳುತ್ತದೆ. ಗಾಲಿ ನೋಡು. ಈ ಕಡೆ ನಿಂತಿತಾ? ಅದರ ಹಿಂದಿನದು? ಆ ಕಡೆಯದು? ಆಮೇಲೆ ಮಕ್ಕಳು." ನಾನು ಸುಮ್ಮನೆ ನಿಲ್ಲುವುದು ಎಂದುಕೊಂಡಿದ್ದ ಆ ಹೊತ್ತಿನಲ್ಲಿ ಅವಳು ಗಾಲಿಗಳನ್ನು ನೋಡುತ್ತಿದ್ದಳು.

"ಗಂಟೆ ಹೊಡೆದರೆ?" ಎಂದು ಕೇಳಿದೆ.

"ಹೊಡೆಯಲಿ. ಶಾಲೆ ಎಲ್ಲಿಗೂ ಓಡಿಹೋಗೋದಿಲ್ಲ."

ಹೊರಡುವ ದಿನ ತನ್ನ ಹಳೆಯ ಹಳದಿ ಕೋಟನ್ನು ಮಡಿಸಿ ಕೊಟ್ಟಳು. ಲೂಸಿ ಬಂಗಾರದ ಹೆಜ್ಜೆಗಳ ಒಂದು ಕಟ್ಟು ತಂದಳು, ಮೂರು ಕಿಲೋಮೀಟರು ನಡೆಯುವವರಿಗೆ ಕೊಡಲು. ನನ್ನ ಕೈಯನ್ನು ತಾನಾಗಿಯೇ ಹಿಡಿದು ಅಂಚೆ ಡಬ್ಬಿಯ ತನಕ ನಡೆದಳು. ಹೆಲೆನ್ ನೋಡಿಯೂ ನೋಡದಂತೆ ಇದ್ದಳು.

ಬ್ಯಾಡಗಿ ಮಾರ್ಕೆಟ್

ಊರಿಗೆ ಬಂದ ಮರುದಿನವೇ ಬ್ಯಾಡಗಿಗೆ ಹೋದೆ. ಮಾರ್ಕೆಟ್ಟಿನ ತುಂಬ ಕೆಂಪು ರಾಶಿ. ಗಾಳಿಯಲ್ಲೇ ಘಾಟು, ಎಲ್ಲರ ಮೂಗೂ ಸೋರುತ್ತಿತ್ತು. ನನ್ನ ಮೂಗಿಗೆ ಮಾತ್ರ ಹಬ್ಬ. ಒಂದು ಅಂಗಡಿಯ ನೆರಳಿನಲ್ಲಿ ಹೆಂಗಸರು ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಗಂಗವ್ವನ ಪಕ್ಕದಲ್ಲಿ ರೇಣುಕಾ, ಮೂಗಿಗೆ ಅರಿವೆ ಕಟ್ಟಿಕೊಂಡು. ನನ್ನನ್ನು ಕಂಡೊಡನೆ ಅಭ್ಯಾಸಬಲದಿಂದ ಎದ್ದು ನಿಂತು "ನಮಸ್ಕಾರ್ರೀ ಅಕ್ಕೋರ" ಅಂದಳು.

ನಾನು ನೆಲದ ಮೇಲೆ ಕೂತೆ.

"ಗಂಗವ್ವ, ಅವತ್ತಿನ ತಪ್ಪು ಟೆಂಪೋದಾಂವ ಒಬ್ಬಾವಂದ ಅಲ್ಲವ್ವಾ. ನಂದೂ. ಮೊದಲ ಇಳದಾಕಿ ನಾನು. ನಿನ್ನ ಮಗಳು ನನ್ನ ಹಿಂದ ಬಂದಳು."

ಹೆಂಗಸರ ಕೈಗಳು ನಿಂತವು. ಗಂಗವ್ವ ಮಾತ್ರ ಇನ್ನೂ ನಾಲ್ಕು ತೊಟ್ಟು ಮುರಿದಳು.

"ಗೊತ್ತಿತ್ರಿ" ಅಂದಳು. "ಅವತ್ತ ಇಷ್ಟು ಹೇಳಿದ್ರ ಸಾಕಿತ್ತರಿ. ಅಕ್ಕೋರಿಗೇ ತಮ್ಮ ತಪ್ಪು ಕಾಣವಲ್ದು, ಇವರ ಕೈಯಾಗ ಹುಡುಗಿನ್ನ ಹೆಂಗ ಕೊಡೂದು ಅಂತ ಬಿಡಿಸಿದೆ."

ನಾನು ಡೋರೀನಳ ಕಥೆಯನ್ನೆಲ್ಲ ಹೇಳಿದೆ. ಬೈಸಿಕೊಂಡದ್ದನ್ನೂ ಬಿಡಲಿಲ್ಲ. ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಕ್ಕರು. ಕೋಟು ತೆಗೆದು ತೋರಿಸಿ, ನಾಳೆಯಿಂದ ಇದನ್ನು ಹಾಕಿಕೊಂಡು ನಾನೇ ಮಕ್ಕಳನ್ನು ದಾಟಿಸುತ್ತೇನೆ, ರೇಣುಕಾಳನ್ನು ಪರೀಕ್ಷೆಗೆ ಕಳಿಸು ಎಂದೆ.

ಗಂಗವ್ವ ಕೋಟನ್ನು ಕೈಗೆ ತೆಗೆದುಕೊಂಡಳು. ಗುಂಡಿ ನೋಡಿದಳು, ಹೊಲಿಗೆ ನೋಡಿದಳು, ಹೊಳೆಯುವ ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದಳು. ನನಗೆ ವಾಪಸು ಕೊಡಲಿಲ್ಲ.

"ನಿಮಗ ಗಂಟಿ ಕೇಳಿದ ಕೂಡ್ಲೆ ಕಾಲು ಓಡತಾವ್ರಿ ಅಕ್ಕೋರ. ಇದನ್ನ ನಾ ಹಾಕ್ಕೋತೇನಿ. ನನ್ನ ಮಗಳು ದಾಟೂ ರಸ್ತೆ ನಾ ಕಾಯತೇನಿ. ಮಾರ್ಕೆಟ್ಟಿನ ಕೆಲಸ ಹತ್ತೂವರಿಗೆ ಐತಿ."

ಕಣಗಿಲೆ ಸಾಲು

ಹೆದ್ದಾರಿಯ ಲಾರಿಗಳು ಗಂಗವ್ವನ ಕೋಟು ಕಂಡು ನಿಂತುಬಿಟ್ಟವು ಎಂದು ಬರೆದರೆ ಸುಳ್ಳಾದೀತು. ಅವು ನಿಲ್ಲುವುದಿಲ್ಲ, ನಾವು ನಿಲ್ಲುತ್ತೇವೆ. ಬೇವಿನ ಗಿಡದ ಕೆಳಗೆ ನಮ್ಮ ಸ್ಟಾಪು. ರಸ್ತೆ ಪೂರ್ತಿ ಬರಿದಾಗುವ ತನಕ ಅಲ್ಲಿ ನಿಂತು, ಅರ್ಧ ದಾಟಿ, ನಡುವಿನ ಕಣಗಿಲೆ ಗಿಡಗಳ ಸಾಲಿನಲ್ಲಿ ಮತ್ತೆ ನಿಂತು, ಆಮೇಲೆ ಉಳಿದರ್ಧ ದಾಟುತ್ತೇವೆ. ಕೆಲವು ದಿನ ಕಾಲು ಗಂಟೆ ಹಿಡಿಯುತ್ತದೆ. ನಮ್ಮ ಹೆಡ್‌ಮಾಸ್ತರರು ಮೊದಲು ಗೊಣಗಿದರು, ಈಗ ಹಳದಿ ಕೋಟು ಆಚೆ ದಡ ಮುಟ್ಟಿದ ಮೇಲೆಯೇ ಪ್ರಾರ್ಥನೆ ಶುರು ಮಾಡಿಸುತ್ತಾರೆ. ಲೂಸಿಯ ಬಂಗಾರದ ಹೆಜ್ಜೆಗಳು ಎರಡೇ ವಾರದಲ್ಲಿ ಮುಗಿದವು. ಮುಗಿದ ಮೇಲೂ ಒಂಬತ್ತು ಮಕ್ಕಳು ಬರುತ್ತಿದ್ದಾರೆ. ಹೆದರಿ ಸಾಲು ಸೇರದ ಇನ್ನಿಬ್ಬರ ಮನೆಗೆ ಗಂಗವ್ವ ಹೋಗಿ ಕೂತು ಬಂದಿದ್ದಾಳೆ.

ಪರೀಕ್ಷೆಯ ಮೊದಲ ದಿನ ಒಂಬತ್ತು ಮಕ್ಕಳು, ಗಂಗವ್ವ ಮತ್ತು ನಾನು ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಪರೀಕ್ಷೆಯ ದಿನವೆಂದೋ ಏನೋ, ಆಚೆ ಯಾರೋ ಮರೆತು ಗಂಟೆ ಹೊಡೆದೇಬಿಟ್ಟರು. ಒಂದು ಮೆಣಸಿನಕಾಯಿ ಲಾರಿ ದೂರದಿಂದ ಬರುತ್ತಿತ್ತು. ಡ್ರೈವರು ನನ್ನ ಹಳೆಯ ಪರಿಚಯದವನು, ನನ್ನ ಮುಖ ನೋಡಿ ನಕ್ಕು ವೇಗ ಇಳಿಸಿದ. ನನ್ನ ಬಲಗಾಲು ಮುಂದೆ ಹೋಯಿತು.

ಗಂಗವ್ವನ ಅಂಗೈ ನನ್ನ ಎದೆಯ ಮುಂದೆ ಬಂತು. "ನಿಲ್ರಿ ಅಕ್ಕೋರ. ಗಾಲಿ ಇನ್ನೂ ತಿರಗಾಕತ್ತಾವು."

ಮಕ್ಕಳು ಕಿಸಕ್ಕನೆ ನಕ್ಕರು. ರೇಣುಕಾ ನಗಲಿಲ್ಲ. ಹೊಸ ಪಾಟಿಚೀಲವನ್ನು ಹೆಗಲಿಗೆ ಸರಿಮಾಡಿಕೊಂಡು, ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ನಾನು ಹೋಗಿ ಅವಳ ಪಕ್ಕ ಸಾಲಿನಲ್ಲಿ ನಿಂತೆ.